ತಲೆ ಕಪ್ಪಿಲ್ಲದ ಕಪ್ಪುತಲೆ

ಕಾಗೆಯನ್ನು ಕಾಗೆ ಎನ್ನಲು ಯಾರೂ ಪುಸ್ತಕ ತೆಗೆಯುವುದಿಲ್ಲ. ಕಡಲಕ್ಕಿಯ, ಅಂದರೆ ಇಂಗ್ಲಿಷಿನ ಗಲ್‌ನ ಕಥೆ ಹಾಗಲ್ಲ. ದೂರದಿಂದ ನೋಡಿದರೆ ಎಲ್ಲವೂ ಒಂದೇ. ಬಿಳಿ ಮೈ, ಬೂದು ರೆಕ್ಕೆ, ಯಾರೋ ಸಾಲ ತೀರಿಸದೆ ಓಡಿಹೋದರು ಎನ್ನುವಂಥ ಮುಖ. ಹತ್ತಿರ ಹೋದರೆ ಒಂದೊಂದೂ ಬೇರೆ. ಇನ್ನೂ ಹತ್ತಿರ ಹೋದರೆ ಹಾರಿಯೇ ಹೋಗುತ್ತವೆ.

ಗೊಂದಲ ಶುರುವಾಗುವುದೇ ಹೆಸರಿನಿಂದ. ಕಪ್ಪುತಲೆ ಕಡಲಕ್ಕಿಯ ತಲೆ ಕಪ್ಪಲ್ಲ, ಚಾಕೊಲೇಟ್ ಬಣ್ಣ. ಕಂದುತಲೆ ಕಡಲಕ್ಕಿಯದೂ ಕಂದೇ, ಸ್ವಲ್ಪ ತೆಳು ಅಷ್ಟೆ. ಇದ್ದಿಲಿನಂಥ ಕರಿತಲೆ ಇರುವುದು ಮೆಡಿಟರೇನಿಯನ್ ಕಡಲಕ್ಕಿಗೆ. ಅದರ ಹೆಸರಲ್ಲಿ ತಲೆಯ ಸುದ್ದಿಯೇ ಇಲ್ಲ! ಇನ್ನು ಐಸ್‌ಲ್ಯಾಂಡ್ ಕಡಲಕ್ಕಿ ಗೂಡು ಕಟ್ಟುವುದು ಗ್ರೀನ್‌ಲ್ಯಾಂಡ್ ಮತ್ತು ಕೆನಡಾದಲ್ಲಿ. ಐಸ್‌ಲ್ಯಾಂಡಿಗೆ ಅದು ಚಳಿಗಾಲದ ನೆಂಟ.

ಈ ತಲೆಯ ಬಣ್ಣವಾದರೂ ಮರಿ ಮಾಡುವ ಕಾಲಕ್ಕೆ ಮಾತ್ರ. ಚಳಿಗಾಲ ಬಂತೆಂದರೆ ಕಪ್ಪುತಲೆ, ಕಂದುತಲೆ ಎರಡೂ ಬಿಳಿತಲೆ. ಕಣ್ಣಿನ ಹಿಂದೆ ಒಂದು ಮಸಿ ಬೊಟ್ಟು ಮಾತ್ರ ಉಳಿಯುತ್ತದೆ, ದೃಷ್ಟಿ ತಾಗದಿರಲಿ ಎಂದು ಇಟ್ಟ ಹಾಗೆ. ಆಗ ಕಣ್ಣನ್ನೇ ನೋಡಬೇಕು. ಬೆಳೆದ ಕಂದುತಲೆಗೆ ತಿಳಿಗಣ್ಣು, ಕಪ್ಪುತಲೆಗೆ ಕಪ್ಪುಗಣ್ಣು. ಇಷ್ಟು ಕಾಣುವಷ್ಟು ಅದು ಸುಮ್ನೆ ನಿಂತಿದ್ದರೆ ಪುಣ್ಯ. ಹಾರಿದರೆ ಇನ್ನೂ ಸುಲಭ. ಕಪ್ಪುತಲೆಯ ರೆಕ್ಕೆಯ ಮುಂಚೂಣಿಯಲ್ಲಿ ಬಿಳಿಯ ಉದ್ದ ಪಟ್ಟಿ ಮಿಂಚುತ್ತದೆ. ಕಂದುತಲೆಯ ರೆಕ್ಕೆ ತುದಿ ದಟ್ಟ ಕಪ್ಪು, ನಡುವೆ ಬಿಳಿ ಚುಕ್ಕೆ. ಆ ಚುಕ್ಕೆಗಳನ್ನು ಹಕ್ಕಿ ನೋಡುವವರು ಕನ್ನಡಿ ಎನ್ನುತ್ತಾರೆ. ಹಾಗಾಗಿ ಹಾರಿಹೋಯಿತಲ್ಲ ಎಂದು ಬೈದುಕೊಂಡ ನಾನೇ, ಹಾರಬಾರದೇ ಎಂದು ಕಾಯುತ್ತಾ ಕೂರುತ್ತೇನೆ.

ಇವು ಚಿಕ್ಕ ಕಡಲಕ್ಕಿಗಳು, ಪರವಾಗಿಲ್ಲ. ದೊಡ್ಡವುಗಳ ಸಹವಾಸವೇ ಬೇಡ. ಹೆರಿಂಗ್ ಗಲ್ ದೊಡ್ಡದಾಗಲು ಸುಮಾರು 4 ವರ್ಷ ತೆಗೆದುಕೊಳ್ಳುತ್ತದೆ. ಅಲ್ಲಿಯವರೆಗೆ ವರ್ಷಕ್ಕೊಂದು ವೇಷ, ಎರಡು ವೇಷದ ನಡುವೆ ಅರ್ಧ ಬದಲಾಯಿಸಿದ ಇನ್ನೊಂದು ವೇಷ. ಬೆಳೆದ ಹೆರಿಂಗ್ ಗಲ್‌ಗೆ ಗುಲಾಬಿ ಕಾಲು, ಬೆಳೆದ ಲೆಸ್ಸರ್ ಬ್ಲ್ಯಾಕ್‌ಬ್ಯಾಕ್ಡ್ ಗಲ್‌ಗೆ ಹಳದಿ ಕಾಲು. ಸರಿ, ಆದರೆ ಎರಡನೆಯದರ ಮರಿಗೂ ಗುಲಾಬಿ ಕಾಲೇ! ಬೆನ್ನಿನ ಬೂದು ಬಣ್ಣ ನೋಡೋಣ ಎಂದರೆ ಬಿಸಿಲಿಗೊಂದು ಬೂದು, ಮೋಡಕ್ಕೊಂದು ಬೂದು. ರೆಕ್ಕೆಯ ಕನ್ನಡಿಗಳನ್ನು ಎಣಿಸೋಣ ಎಂದರೆ ಅವು ಸವೆದುಹೋಗಿರುತ್ತವೆ. ಗರಿಯ ಕಪ್ಪು ಭಾಗದಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತು ಇರುವುದರಿಂದ ಅದು ಗಟ್ಟಿ. ಬಿಳಿ ಭಾಗ ಬೇಗ ತೇಯುತ್ತದೆ. ಇಷ್ಟು ಸಾಲದೆಂಬಂತೆ ಅಮೆರಿಕದ ಪೆಸಿಫಿಕ್ ಕರಾವಳಿಯಲ್ಲಿ ವೆಸ್ಟರ್ನ್ ಗಲ್ ಮತ್ತು ಗ್ಲಾಕಸ್‌ವಿಂಗ್ಡ್ ಗಲ್ ಧಾರಾಳವಾಗಿ ಕೂಡಿ ಸಂಸಾರ ಮಾಡುತ್ತವೆ. ಅವುಗಳ ಮಕ್ಕಳನ್ನು ಯಾವ ಪುಟದಲ್ಲಿ ಹುಡುಕುವುದು?

ಪಂಡಿತರಿಗೂ ಇದೇ ಪಾಡು ಎಂಬುದು ನನಗೊಂದು ಸಮಾಧಾನ. ಥೇಯರ್ಸ್ ಗಲ್ ಅನ್ನು ಅಮೆರಿಕದ ಪಕ್ಷಿತಜ್ಞರು 1973ರಲ್ಲಿ ಬೇರೆ ಜಾತಿ ಎಂದರು. 2017ರಲ್ಲಿ ಇಲ್ಲ, ಅದು ಐಸ್‌ಲ್ಯಾಂಡ್ ಕಡಲಕ್ಕಿಯದೇ ಒಂದು ಬಗೆ ಎಂದರು. ಚಳಿಯಲ್ಲಿ ನಡುಗುತ್ತಾ ಅದನ್ನು ಹುಡುಕಿ, ತಾವು ಕಂಡ ಹಕ್ಕಿಗಳ ಪಟ್ಟಿಗೆ ಸೇರಿಸಿಕೊಂಡವರು ಮನೆಯಲ್ಲಿ ಕೂತಲ್ಲೇ ಒಂದು ಹಕ್ಕಿ ಕಳೆದುಕೊಂಡರು.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಅಂಥ ಅಪಾಯ ಕಡಿಮೆ. "ಕಡಲಕ್ಕಿ, ದೊಡ್ಡದು, ಒಂದು" ಎಂಬ ಸಾಲುಗಳೇ ಜಾಸ್ತಿ. ಮೊನ್ನೆ ಒಂದು ಹಕ್ಕಿ ಮಾತ್ರ ಹಾರದೆ, ಅಲುಗದೆ, ಎದುರಿಗೇ ಅರ್ಧ ಗಂಟೆ ನಿಂತಿತು. ಇವತ್ತು ಬಿಡುವುದಿಲ್ಲ ಎಂದು ದುರ್ಬೀನು ಹಿಡಿದೆ. ಅದು ನಿದ್ದೆ ಮಾಡುತ್ತಿತ್ತು. ಕಣ್ಣು, ಕೊಕ್ಕು, ತಲೆ ಎಲ್ಲ ಬೆನ್ನಿನ ಗರಿಯೊಳಗೆ. ಒಂದು ಕಾಲು ಹೊಟ್ಟೆಯೊಳಗೆ. ಇನ್ನೊಂದು ಕೆಸರಿನಲ್ಲಿ.