ಕ್ರಿಸ್‌ಮಸ್ ಹಾಡಲ್ಲಿ ಒಂಚೂರು ಬೇಸರ ಇರಬೇಕು

ನವೆಂಬರ್ ಮುಗಿಯೋ ಮೊದಲೇ ಮಾಲ್‌ಗಳಲ್ಲಿ ‘ಜಿಂಗಲ್ ಬೆಲ್ಸ್’ ಶುರು. ಲಿಫ್ಟಲ್ಲೂ ಅದೇ, ಕಾಫಿ ಅಂಗಡಿಯಲ್ಲೂ ಅದೇ. 1857ರಲ್ಲಿ ಅಚ್ಚಾದ ಆ ಹಾಡಿನಲ್ಲಿ ಕ್ರಿಸ್‌ಮಸ್ಸಿನ ಸುದ್ದಿಯೇ ಇಲ್ಲ, ಹಿಮದ ಮೇಲೆ ಕುದುರೆ ಓಡಿಸೋರ ಮೋಜು ಅಷ್ಟೇ. ಇರಲಿ ಬಿಡಿ, ನನ್ನ ತಕರಾರು ಆ ಹಾಡಿನ ಮೇಲಲ್ಲ. ಡಿಸೆಂಬರ್ ಪೂರ್ತಿ ಹಲ್ಲು ಕಿರಿದುಕೊಂಡೇ ಇರಬೇಕು ಅಂತ ಹಟ ಹಿಡಿಯೋ ಸಂಗೀತದ ಮೇಲೆ. ನಮ್ಮನೆಯಲ್ಲಿ ಪ್ರತಿ ವರ್ಷ ಹಾಕೋ ಆಲ್ಬಮ್‌ಗಳಲ್ಲೆಲ್ಲ ಒಂದಿಷ್ಟು ಬೇಸರ ಬೆರೆತಿದೆ. ಅದಿಲ್ಲದ ಹಬ್ಬದ ಹಾಡು ಎರಡನೇ ಸಲಕ್ಕೇ ಸಪ್ಪೆ.

ಮೊದಲು ಹಾಕೋದು ಜಾಝ್ ಪಿಯಾನೊ ವಾದಕ ವಿನ್ಸ್ ಗ್ವರಾಲ್ಡಿಯ ಮೂವರ ತಂಡ, ವಿನ್ಸ್ ಗ್ವರಾಲ್ಡಿ ಟ್ರಯೋದ ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’. 1965ರ ಡಿಸೆಂಬರ್ 9ಕ್ಕೆ ಅಮೆರಿಕದ ಸಿಬಿಎಸ್ ಟಿವಿಯಲ್ಲಿ ಬಂದ ಅರ್ಧ ಗಂಟೆಯ ಕಾರ್ಟೂನಿನ ಸಂಗೀತ. ಮಕ್ಕಳ ಕಾರ್ಟೂನಿಗೆ ಜಾಝ್ ಯಾಕೆ ಅಂತ ಚಾನೆಲ್‌ನವರಿಗೇ ಹಿಡಿಸಿರಲಿಲ್ಲವಂತೆ. ಪಿಯಾನೊ, ಬಾಸ್, ಡ್ರಮ್ಸ್, ಮಿಕ್ಕಂತೆ ಜಾಗ ಖಾಲಿ. ‘ಕ್ರಿಸ್‌ಮಸ್ ಟೈಮ್ ಈಸ್ ಹಿಯರ್’ ಹಾಡಿರೋದು ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್ ಊರಿನ ಚರ್ಚಿನ ಮಕ್ಕಳು. ಶ್ರುತಿ ಅಲ್ಲಲ್ಲಿ ಜಾರುತ್ತೆ, ತಿದ್ದದೆ ಹಾಗೇ ಬಿಟ್ಟಿದ್ದಾರೆ, ಪುಣ್ಯ. ನಿರ್ಮಾಪಕ ಲೀ ಮೆಂಡೆಲ್ಸನ್ ಬರೆದ ಸಾಲುಗಳು ಖುಷಿಯ ಮಾತಾಡ್ತವೆ. ಆದರೆ ಗ್ವರಾಲ್ಡಿಯ ರಾಗ ಅದನ್ನ ಪೂರ್ತಿ ನಂಬೋದಿಲ್ಲ. ರಜೆ ಮುಗಿದೇ ಹೋಗುತ್ತೆ ಅನ್ನೋದು ಆ ಮಕ್ಕಳಿಗೆ ಮೊದಲೇ ಗೊತ್ತಿದ್ದ ಹಾಗೆ ಕೇಳಿಸುತ್ತೆ. ಗ್ವರಾಲ್ಡಿ 1976ರಲ್ಲಿ, ಕ್ಲಬ್ಬೊಂದರಲ್ಲಿ ಒಂದು ಸುತ್ತು ನುಡಿಸಿ ಮುಂದಿನ ಸುತ್ತಿಗೆ ಕಾಯುತ್ತಿದ್ದಾಗ ತೀರಿಕೊಂಡರು. ವಯಸ್ಸು 47.

ಇನ್ನೊಂದು ತೀರ ಗದ್ದಲದ್ದು, ‘ಎ ಕ್ರಿಸ್‌ಮಸ್ ಗಿಫ್ಟ್ ಫಾರ್ ಯು ಫ್ರಮ್ ಫಿಲ್ ಸ್ಪೆಕ್ಟರ್’. ಸ್ಪೆಕ್ಟರ್ ಅಂದರೆ ಅದರ ನಿರ್ಮಾಪಕ, ಹಾಡಿದವರು ಬೇರೆಯವರು. 1963ರ ಬೇಸಿಗೆಯಲ್ಲಿ, ಲಾಸ್ ಏಂಜಲೀಸ್‌ನ ಗೋಲ್ಡ್ ಸ್ಟಾರ್ ಸ್ಟುಡಿಯೊದಲ್ಲಿ ವಾದ್ಯದವರನ್ನೆಲ್ಲ ಒಟ್ಟಿಗೆ ತುಂಬಿ ರೆಕಾರ್ಡ್ ಮಾಡಿದ್ದು. ಬಿಡುಗಡೆಯಾದ ದಿನ ನವೆಂಬರ್ 22. ಹೌದು, ಅಮೆರಿಕದ ಅಧ್ಯಕ್ಷ ಕೆನೆಡಿಗೆ ಗುಂಡು ಬಿದ್ದ ದಿನವೇ. ಆ ವರ್ಷ ಅಮೆರಿಕದಲ್ಲಿ ಗಂಟೆ, ಗೆಜ್ಜೆ ಕೇಳೋ ಮನಸ್ಸು ಯಾರಿಗಿತ್ತು? ರೆಕಾರ್ಡ್ ಬಿದ್ದುಹೋಯಿತು, ಹೆಸರು ಬಂದದ್ದು ಆಮೇಲೆ. ಅದರಲ್ಲಿ ಡಾರ್ಲೀನ್ ಲವ್ ಅವರ ‘ಕ್ರಿಸ್‌ಮಸ್ (ಬೇಬಿ ಪ್ಲೀಸ್ ಕಮ್ ಹೋಮ್)’ ಕೇಳಿ. ಊರೆಲ್ಲ ಹಬ್ಬ ಮಾಡ್ತಿದೆ, ಬರಬೇಕಾದವನು ಬಂದಿಲ್ಲ. ಅಷ್ಟೇ ವಿಷಯ. ಆ ಹೆಣ್ಣುಮಗಳು ಕೊನೆಕೊನೆಗೆ ಬೇಡಿಕೊಳ್ಳೋದನ್ನ ಬಿಟ್ಟು ಜಗಳಕ್ಕೇ ನಿಂತುಬಿಡ್ತಾಳೆ. ಮುಂದೆ ಲವ್ ಅವರು ಟಿವಿ ನಿರೂಪಕ ಡೇವಿಡ್ ಲೆಟರ್‌ಮನ್ ಶೋದಲ್ಲಿ 1986ರಿಂದ 2014ರವರೆಗೆ ಹೆಚ್ಚುಕಡಿಮೆ ಪ್ರತಿ ಡಿಸೆಂಬರ್ ಇದೇ ಹಾಡನ್ನ ಹಾಡಿದರು.

ಸ್ಪೆಕ್ಟರ್ ಕೊಲೆಗಾರ ಅಂತ 2009ರಲ್ಲಿ ಕೋರ್ಟಲ್ಲಿ ಸಾಬೀತಾಯಿತು, ಶಿಕ್ಷೆ ಅನುಭವಿಸುತ್ತಲೇ 2021ರಲ್ಲಿ ಸತ್ತ. ಅಂಥವನ ಆಲ್ಬಮ್ ಹಾಕಬೇಕಾ ಅಂತ ಕೇಳಿದರೆ, ನಾನು ಹಾಕೋದು ಡಾರ್ಲೀನ್ ಲವ್‌ಗಾಗಿ, ಅದರಲ್ಲೇ ಹಾಡಿರೋ ರಾನೆಟ್ಸ್ ತಂಡದ ಹುಡುಗಿಯರಿಗಾಗಿ. ಅವರ ಗಂಟಲನ್ನ ಅವನ ಪಾಪಕ್ಕೆ ಯಾಕೆ ಮುಚ್ಚಿಸಬೇಕು?

ಗಾಯಕ ಫ್ರಾಂಕ್ ಸಿನಾತ್ರಾ ಅವರ 1957ರ ಕ್ರಿಸ್‌ಮಸ್ ಆಲ್ಬಮ್ಮೂ ಒಳ್ಳೇದೇ. ಆದರೆ ‘ಹ್ಯಾವ್ ಯುವರ್‌ಸೆಲ್ಫ್ ಎ ಮೆರಿ ಲಿಟಲ್ ಕ್ರಿಸ್‌ಮಸ್’ ಹಾಡಿನ ಮಂಕಾದ ಸಾಲೊಂದನ್ನ ಖುಷಿಯಾಗಿ ಮಾಡಿಕೊಡಿ ಅಂತ ಬರೆದವರಿಗೇ ಹೇಳಿ ಬದಲಾಯಿಸಿಕೊಂಡರಲ್ಲ, ಅದೊಂದು ನನಗೆ ಒಪ್ಪಿಗೆಯಿಲ್ಲ. ಅದಕ್ಕೆ 1944ರಲ್ಲಿ ಜೂಡಿ ಗಾರ್ಲೆಂಡ್ ಹಾಡಿದ್ದನ್ನೇ ಕೇಳ್ತೀನಿ.

ಇನ್ನು ಅಮೆರಿಕದ ಗಾಯಕ ಜಿಮ್ ರೀವ್ಸ್. ಮಂಗಳೂರಿನ ಕಡೆಯವರಿಗೆ ಈ ಹೆಸರು ಹೇಳಿಕೊಡಬೇಕಾಗಿಲ್ಲ. ‘ಟ್ವೆಲ್ವ್ ಸಾಂಗ್ಸ್ ಆಫ್ ಕ್ರಿಸ್‌ಮಸ್’ ಬಂದದ್ದು 1963ರಲ್ಲಿ. ಮರುವರ್ಷದ ಜುಲೈನಲ್ಲಿ ರೀವ್ಸ್ ತಾವೇ ಓಡಿಸುತ್ತಿದ್ದ ಸಣ್ಣ ವಿಮಾನ ನ್ಯಾಶ್‌ವಿಲ್ ಹತ್ತಿರ ಬಿದ್ದು ತೀರಿಕೊಂಡರು, 40 ವರ್ಷಕ್ಕೆ. ನಾವು ಕ್ಯಾಸೆಟ್ಟಲ್ಲಿ ಕೇಳೋ ಹೊತ್ತಿಗೆ ಅವರು ಹೋಗಿ ಎಷ್ಟೋ ಕಾಲ ಆಗಿತ್ತು. ಪಕ್ಕದ ಮನೆ ಬಾಯಮ್ಮ ಕುಸ್ವಾರ್‌ಗೆ, ಅಂದರೆ ಕ್ರಿಸ್‌ಮಸ್ ತಿಂಡಿ ಮಾಡೋಕೆ, ಕೂತರೆ ಆ ಕ್ಯಾಸೆಟ್ಟು ತಿರುಗಿಸಿ ತಿರುಗಿಸಿ ಹಾಕೋರು. ಕಿಡಿಯೋ ಅನ್ನೋ ತಿಂಡಿ ಕರಿಯೋ ಎಣ್ಣೆಯ ಸದ್ದಿನ ನಡುವೆಯೂ ಆ ದಪ್ಪ ದನಿ ಒಂದೊಂದು ಅಕ್ಷರವೂ ಕೇಳಿಸೋದು, ಮೈಕಿಗೆ ಅಷ್ಟು ಹತ್ತಿರ ನಿಂತು, ಅಷ್ಟು ಮೆತ್ತಗೆ ಹಾಡ್ತಿದ್ದರು. ‘ಆ್ಯನ್ ಓಲ್ಡ್ ಕ್ರಿಸ್‌ಮಸ್ ಕಾರ್ಡ್’ ಬಂದಾಗ ಬಾಯಮ್ಮ ಮಾತು ನಿಲ್ಲಿಸಿಬಿಡೋರು. ಮಕ್ಕಳೆಲ್ಲ ಗಲ್ಫ್‌ನಲ್ಲಿದ್ದರು.

ಡಿಸ್ಕೊ ತಂಡ ಬೋನಿ ಎಂ ಯಾಕಿಲ್ಲ ಅಂತ ಬೈಬೇಡಿ. ಕುಣಿಯೋಕೆ ಅದೇ ಬೇಕು, ಕೂತು ಕೇಳೋಕಲ್ಲ. ಪಾಪ್ ಗಾಯಕಿ ಮರಾಯ ಕ್ಯಾರಿ ಹಾಡು ಹೇಗೂ ಬೇಡ ಅಂದರೂ ಕಿವಿಗೆ ಬೀಳುತ್ತೆ.

ದಯವಿಟ್ಟು ಇವನ್ನ ಶಫಲ್‌ನಲ್ಲಿ ಹಾಕಬೇಡಿ, ಜೋಡಿಸಿದ ಕ್ರಮದಲ್ಲೇ ಕೇಳಿ. ಸ್ಪೆಕ್ಟರ್ ಆಲ್ಬಮ್ಮಿನ ಕೊನೆಯ ‘ಸೈಲೆಂಟ್ ನೈಟ್’ನಲ್ಲಿ ಮಾತ್ರ ಅವನೇ ಮೈಕ್ ಹಿಡಿದು ಕೇಳುಗರಿಗೆ ಥ್ಯಾಂಕ್ಸ್ ಹೇಳ್ತಾನೆ. ಅದೊಂದನ್ನ ನಾನು ಸ್ಕಿಪ್ ಮಾಡ್ತೀನಿ.