ಆಟಕ್ಕುಂಟು, ಲೆಕ್ಕಕ್ಕಿಲ್ಲ

ಅಂಕಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವ ಅಭ್ಯಾಸ ನನಗೆ ಅಂಟಿಕೊಂಡದ್ದು ಕರ್ಕಾಡಿಗೆ ಬಂದ ಮೇಲೆ. ಹಾಗೆ ಓದುವುದರಲ್ಲಿ ಒಂದು ಅನುಕೂಲವಿದೆ, ನಮ್ಮ ತಂಡ ತಕ್ಷಣ ಸಿಕ್ಕಿಬಿಡುತ್ತದೆ. 2024–25ರ ಋತು ಮುಗಿದಾಗ ಬ್ರಿಟನ್ನಿನ ಎಲೀಟ್ ಐಸ್ ಹಾಕಿ ಲೀಗಿನ ಹತ್ತು ತಂಡಗಳಲ್ಲಿ ನಮ್ಮ ಫೈಫ್ ಫ್ಲೈಯರ್ಸ್ ಹತ್ತನೆಯ ಸ್ಥಾನದಲ್ಲಿತ್ತು. ಮೇಲೆ ಬೆಲ್‌ಫಾಸ್ಟ್, ಶೆಫೀಲ್ಡ್, ಕಾರ್ಡಿಫ್ ಎಂದು ದೊಡ್ಡ ಊರುಗಳ ದೊಡ್ಡ ಹೆಸರುಗಳು. ಅವುಗಳಲ್ಲಿ ಯಾರು ಮೊದಲು, ಯಾರು ಎರಡನೆಯವರು ಎಂಬ ಜಗಳ ನಮ್ಮ ಕಡೆ ಯಾರಿಗೂ ಬೇಕಿರಲಿಲ್ಲ. ನಮ್ಮ ಕಣ್ಣೆಲ್ಲ ಒಂಬತ್ತನೆಯವನ ಮೇಲೆ.

ಕರ್ಕಾಡಿ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಊರು. ಎಡಿನ್‌ಬರೊದಲ್ಲಿ ರೈಲು ಹತ್ತಿ, ಕೆಂಪು ಬಣ್ಣದ ಫೋರ್ತ್ ಸೇತುವೆ ದಾಟಿ, ಬಲಗಡೆಯ ಸಮುದ್ರವನ್ನು ನೋಡುತ್ತಾ ಕುಳಿತರೆ ತಾನಾಗಿ ಬರುತ್ತದೆ. ಅರ್ಥಶಾಸ್ತ್ರದ ಪಿತಾಮಹ ಆಡಂ ಸ್ಮಿತ್ 1723ರಲ್ಲಿ ಹುಟ್ಟಿದ್ದು ಇಲ್ಲಿ. 1776ರಲ್ಲಿ ಅಚ್ಚಾದ ಅವನ ದೊಡ್ಡ ಗ್ರಂಥ ಬಹುಮಟ್ಟಿಗೆ ರೂಪುಗೊಂಡದ್ದೂ ಇಲ್ಲಿಯೇ, ಅವನ ತಾಯಿಯ ಮನೆಯಲ್ಲಿ. ಸರಕು ಕೆಟ್ಟಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎನ್ನುವುದು ಅರ್ಥಶಾಸ್ತ್ರದ ಓನಾಮ. ನಮ್ಮ ಪಕ್ಕದ ಅಂಗಡಿ ಡಂಡಿ ಊರಿನ ಹಾಕಿ ತಂಡ ಡಂಡಿ ಸ್ಟಾರ್ಸ್, ಟೇ ನದಿ ದಾಟಿದರೆ ಸಿಗುತ್ತದೆ, ಒಂದು ಗಂಟೆಯೂ ಬೇಡ. ಅಲ್ಲಿಗೆ ಖಾತೆ ವರ್ಗಾಯಿಸಿಕೊಂಡವರನ್ನು ನಾನು ಈವರೆಗೆ ಕಂಡಿಲ್ಲ. ಕಾಸು ಕೊಟ್ಟು ಸೋಲು ಕೊಂಡು, ಮುಂದಿನ ಶನಿವಾರ ಮತ್ತೆ ಅದೇ ಅಂಗಡಿಯ ಮುಂದೆ ಸಾಲು ನಿಲ್ಲುವ ಈ ಗಿರಾಕಿಗಳ ಬಗ್ಗೆ ಆ ಮಹಾನುಭಾವ ಏನು ಹೇಳುತ್ತಿದ್ದನೋ. ಹುಟ್ಟಿದೂರಿನವರ ಮಾನ ಕಾಯಲು ಸುಮ್ಮನಿರುತ್ತಿದ್ದನೇನೋ.

ಊರಿನ ಇನ್ನೊಂದು ಕೀರ್ತಿ ಲಿನೋಲಿಯಂ ಎಂಬ ನೆಲಹಾಸು. ಅಗಸೆ ಎಣ್ಣೆ, ಕಾರ್ಕಿನ ಪುಡಿ, ಬೆನ್ನಿಗೆ ಸೆಣಬಿನ ಬಟ್ಟೆ. ಬಂಗಾಳದಲ್ಲಿ ಬೆಳೆದ ಸೆಣಬು ಡಂಡಿಯ ಗಿರಣಿಗಳ ಹಾದಿ ಹಿಡಿದು ಇಲ್ಲಿಗೆ ಬಂದು, ಲೋಕದ ಎಷ್ಟೋ ಆಸ್ಪತ್ರೆ, ಕಚೇರಿಗಳ ನೆಲವಾಯಿತು. ಜನ ತುಳಿದು ಓಡಾಡಲೆಂದೇ ಸರಕು ತಯಾರಿಸಿದ ಊರಿಗೆ ತುಳಿಸಿಕೊಳ್ಳುವುದು ಹೊಸದೇ ಎಂದು ನಾನು ತಮಾಷೆ ಮಾಡಿದರೆ ಇಲ್ಲಿನವರು ನಗುತ್ತಾರೆ. ಪರವೂರಿನ ನೀನು ಇದನ್ನು ಇನ್ನೊಮ್ಮೆ ಹೇಳಬೇಡ ಎಂಬ ನೋಟವೊಂದು ಆ ನಗೆಯ ಹಿಂದೆಯೇ ಬರುತ್ತದೆ.

ಫ್ಲೈಯರ್ಸ್ ಹುಟ್ಟಿದ್ದು 1938ರಲ್ಲಿ. ಬ್ರಿಟನ್ನಿನ ವೃತ್ತಿಪರ ಐಸ್ ಹಾಕಿ ಕ್ಲಬ್ಬುಗಳಲ್ಲಿ ಇದೇ ಅತ್ಯಂತ ಹಳೆಯದು. ಅದೇ ವರ್ಷ ತೆರೆದ ರಿಂಕಿನಲ್ಲಿಯೇ, ಅಂದರೆ ಮಾಡಿನಡಿಯ ಐಸ್ ಅಂಗಳದಲ್ಲಿಯೇ, ಇಂದಿಗೂ ಆಡುತ್ತಾರೆ. ಅದಕ್ಕೆ ಅಭಿಮಾನಿಗಳಿಟ್ಟ ಹೆಸರು ‘ಹಳೆಯ ಕಣಜ’. ಒಳಗೆ ಕಾಲಿಟ್ಟರೆ ಹೊರಗಿನ ಚಳಿಯೇ ವಾಸಿ ಎನ್ನಿಸುತ್ತದೆ. ಗೆದ್ದದ್ದೇ ಇಲ್ಲವೆಂದಲ್ಲ. 1985ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಎಡಿನ್‌ಬರೊದ ಮರ್ರಿಫೀಲ್ಡ್ ರೇಸರ್ಸ್ ತಂಡವನ್ನು 9–4ರಿಂದ ಬಡಿದು ಬ್ರಿಟಿಷ್ ಚಾಂಪಿಯನ್ ಆದವರು ಇವರು. ಆ ದಿನ ವೆಂಬ್ಲಿಯಲ್ಲಿದ್ದೆವು ಎನ್ನುವವರೆಲ್ಲ ನಿಜವಾಗಿ ಅಲ್ಲಿದ್ದಿದ್ದರೆ ಕ್ರೀಡಾಂಗಣದ ಗೋಡೆ ಒಡೆಯಬೇಕಾಗುತ್ತಿತ್ತು. 2011ರಲ್ಲಿ ಎಲೀಟ್ ಲೀಗಿಗೆ ಸೇರಿದರು, ಸೇರಿದ ಮೊದಲ ವರ್ಷವೇ ಕೊನೆಯ ಸ್ಥಾನ. 2023ರಲ್ಲಿ ಚಾಲೆಂಜ್ ಕಪ್ಪಿನ ಫೈನಲ್‌ವರೆಗೆ ಏರಿ ಬೆಲ್‌ಫಾಸ್ಟಿನಲ್ಲಿ ಜೈಂಟ್ಸ್ ತಂಡಕ್ಕೆ ಸೋತರು. ನನ್ನನ್ನು ಕೇಳಿದರೆ ಅಭಿಮಾನಿಗಳನ್ನು ಕೆಡಿಸುವುದು ಇಂಥ ಫೈನಲ್ಲುಗಳೇ. ಸದಾ ಕೊನೆಯಲ್ಲಿದ್ದರೆ ಮನುಷ್ಯ ಹೇಗೋ ಹೊಂದಿಕೊಂಡು ನೆಮ್ಮದಿಯಾಗಿರುತ್ತಾನೆ. ನಡುವೆ ಒಮ್ಮೆ ಆಸೆ ತೋರಿಸಿದರೆ ಮುಂದಿನ ಹತ್ತು ವರ್ಷದ ನಿದ್ದೆ ಹಾಳು.

ಸೋಲುವುದಕ್ಕೆ ಇಷ್ಟು ಅನುಕೂಲವಾದ ಆಟ ಇನ್ನೊಂದಿಲ್ಲ. ಪಕ್ ಎಂದರೆ ಗಟ್ಟಿ ರಬ್ಬರಿನ ಬಿಲ್ಲೆ, ಅಗಲದಲ್ಲಿ ಒಂದು ನಿಪ್ಪಟ್ಟಿನಷ್ಟು, ದಪ್ಪದಲ್ಲಿ ನಾಲ್ಕೈದು ನಿಪ್ಪಟ್ಟು ಒಂದರ ಮೇಲೊಂದು ಇಟ್ಟಷ್ಟು. ಪುಟಿಯಬಾರದೆಂದು ಆಟಕ್ಕೆ ಮೊದಲು ಅದನ್ನು ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿರುತ್ತಾರೆ. ಆಟಗಾರ ಒಳಗಿಳಿದರೆ ಮುಕ್ಕಾಲು ನಿಮಿಷ ಜೀವ ಬಿಟ್ಟು ಓಡಿ, ಮತ್ತೆ ಅಡ್ಡಹಲಗೆ ಹಾರಿ ಬೆಂಚಿನ ಮೇಲೆ ಬಂದು ಬೀಳುತ್ತಾನೆ. ಆ ಹೊತ್ತಿಗೆ ಇನ್ನೊಬ್ಬ ಹಾರಿ ಒಳಗೆ ಹೋಗಿಯಾಗಿರುತ್ತದೆ. ಟೆಸ್ಟ್ ಕ್ರಿಕೆಟ್ಟಿನಲ್ಲಿ ಸೋಲು ಊಟಕ್ಕೆ, ಚಹಾಕ್ಕೆ ಬಿಡುವು ಕೊಟ್ಟು ಮರ್ಯಾದೆಯಿಂದ ಬರುತ್ತದೆ. ಇಲ್ಲಿ ಚಹಾದ ಲೋಟ ಬಾಯಿಗಿಡುವಷ್ಟರಲ್ಲಿ ಒಂದು ಗೋಲು, ಕೆಳಗಿಳಿಸುವಷ್ಟರಲ್ಲಿ ಇನ್ನೊಂದು. ಪಕ್ ಯಾವಾಗ ಒಳಗೆ ಹೋಯಿತು ಎಂಬುದು ಹೊಸಬರಿಗೆ ಕಾಣುವುದೂ ಇಲ್ಲ. ಗೋಲಿನ ಹಿಂದೆ ಕೆಂಪು ದೀಪ ಹತ್ತಿಕೊಂಡಾಗ, ಎದುರಾಳಿ ಊರಿನಿಂದ ಬಂದ ಒಂದು ಹಿಡಿ ಜನ ಮೂಲೆಯಲ್ಲಿ ಕುಣಿಯುವುದನ್ನು ನೋಡಿ ತಿಳಿದುಕೊಳ್ಳಬೇಕು.

ನನ್ನ ಪಕ್ಕದ ಸೀಟಿನಲ್ಲಿ ಕೂರುವವರು ಎಂಬತ್ತರ ಹತ್ತಿರದ ಒಬ್ಬ ಅಜ್ಜಿ. ಮೊಣಕಾಲಿನ ಮೇಲೆ ಚೌಕುಳಿ ಕಂಬಳಿ, ಕೈಯಲ್ಲಿ ಮೊಂಡು ಪೆನ್ಸಿಲ್. ಇಲ್ಲಿ ಅವರ ವಯಸ್ಸಿನವರನ್ನೂ ಹೆಸರು ಹಿಡಿದು ಕರೆಯುವುದೇ ರೂಢಿ. ನನ್ನ ನಾಲಗೆ ಅದಕ್ಕೆ ಒಪ್ಪುವುದಿಲ್ಲ. ಹಾಗಾಗಿ ಏನೂ ಕರೆಯದೆ, ಒಮ್ಮೆ ಕೆಮ್ಮಿ ಮಾತು ಶುರುಮಾಡುತ್ತೇನೆ. ನನಗೆ ಸದಾ ನೆಗಡಿ ಎಂದು ಅವರು ನಂಬಿದ್ದಾರೆ. ಒಂದು ಶನಿವಾರ ನಮ್ಮ ಗೋಲ್‌ಕೀಪರ್ ಐದನೆಯ ಗೋಲು ಬಿಟ್ಟುಕೊಟ್ಟಾಗ ನಾನು ಕನ್ನಡದಲ್ಲಿ ಏನೋ ಗೊಣಗಿದೆ. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು.

“ಅವನನ್ನು ಬೈಯಬೇಡ, ಮಗೂ” ಎಂದು ತಮ್ಮ ಕಾಗದವನ್ನು ನನ್ನತ್ತ ತಿರುಗಿಸಿದರು. ಸಣ್ಣ ಸಣ್ಣ ಗೀಟುಗಳು, ಐದೈದರ ಕಟ್ಟು. ಗೋಲ್‌ಕೀಪರ್ ತಡೆದ ಪ್ರತಿಯೊಂದು ಹೊಡೆತಕ್ಕೂ ಒಂದು ಗೀಟು. ಹಾಳೆಯ ಒಂದು ಬದಿ ತುಂಬಿ ಇನ್ನೊಂದು ಬದಿಗೆ ಹೊರಳಿತ್ತು. ಗೋಲುಗಳನ್ನು ಬರೆದುಕೊಳ್ಳುವುದಿಲ್ಲವೇ ಎಂದು ಕೇಳಿದೆ. “ಅದನ್ನು ಬರೆಯಲು ಅಷ್ಟು ದೊಡ್ಡ ಬೋರ್ಡನ್ನೇ ನೇತುಹಾಕಿದ್ದಾರಲ್ಲ” ಎಂದರು.

ಆವತ್ತಿನಿಂದ ನಾನು ಗೋಲ್‌ಕೀಪರನನ್ನು ನೋಡಲು ಕಲಿತೆ. ಗೆಲ್ಲುವ ತಂಡದ ಗೋಲ್‌ಕೀಪರನಿಗೆ ಅಷ್ಟು ಕೆಲಸವಿರುವುದಿಲ್ಲ, ನಡುನಡುವೆ ನೀರು ಕುಡಿದುಕೊಂಡು ನಿಂತಿರುತ್ತಾನೆ. ಕೊನೆಯ ಸ್ಥಾನದ ತಂಡದವನಿಗೆ ಉಸಿರಾಡಲು ಬಿಡುವಿಲ್ಲ. ಒಂದು ಹೊಡೆತವನ್ನು ಎದೆಗವಚದಿಂದ ತಡೆದು, ಎದ್ದೇಳುವ ಮೊದಲೇ ಇನ್ನೊಂದಕ್ಕೆ ಕಾಲು ಚಾಚಿ, ಮೂರನೆಯದನ್ನು ಕೈಗವುಸಿನಲ್ಲಿ ಹಿಡಿದು, ನಾಲ್ಕನೆಯದಕ್ಕೆ ಸೋಲುತ್ತಾನೆ. ಬೋರ್ಡಿನ ಮೇಲೆ ಬೀಳುವುದು ಆ ನಾಲ್ಕನೆಯದು ಮಾತ್ರ. ಈ ಲೀಗಿನಲ್ಲಿ ಪಂದ್ಯ ಮುಗಿದ ಮೇಲೆ ಎರಡೂ ತಂಡಗಳಿಂದ ಒಬ್ಬೊಬ್ಬ ಪಂದ್ಯಶ್ರೇಷ್ಠನನ್ನು ಆರಿಸುತ್ತಾರೆ. ಐದಾರು ಗೋಲು ತಿಂದು ಸೋತ ರಾತ್ರಿಯೂ ಒಬ್ಬ ಮುಂದೆ ಬಂದು ಬಹುಮಾನ ಇಸಿದುಕೊಂಡು, ಎದುರಾಳಿಯ ಶ್ರೇಷ್ಠನೊಡನೆ ನಿಂತು ಫೋಟೊ ತೆಗೆಸಿಕೊಳ್ಳಬೇಕು. ಆಗ ಅವನ ಮುಖ ನೋಡಬೇಕು. ಮದುವೆಮನೆಯಲ್ಲಿ ಪಕ್ಕದ ಕಲ್ಯಾಣಮಂಟಪದ ಊಟ ಮಾಡಿ ಎದ್ದವನಿಗೂ ಅಷ್ಟು ಸಂಕೋಚವಾಗದು.

ಇನ್ನು ಖಾಲಿ ಗೋಲಿನ ಸಂಗತಿ. ಪಂದ್ಯದ ಕೊನೆಯ ಒಂದೆರಡು ನಿಮಿಷದಲ್ಲಿ ಒಂದು ಗೋಲಿನಿಂದ ಹಿಂದಿರುವ ತಂಡ ತನ್ನ ಗೋಲ್‌ಕೀಪರನನ್ನೇ ಹೊರಗೆ ಕರೆದು, ಅವನ ಬದಲು ದಾಳಿಗೆ ಒಬ್ಬ ಹೆಚ್ಚುವರಿ ಆಟಗಾರನನ್ನು ಇಳಿಸುತ್ತದೆ. ಮನೆಯ ಬಾಗಿಲು ತೆರೆದಿಟ್ಟು ಊರವರೆಲ್ಲ ಯುದ್ಧಕ್ಕೆ ಹೊರಟಂತೆ. ಒಮ್ಮೊಮ್ಮೆ ಫಲಿಸುತ್ತದೆ, ರಿಂಕಿನ ಮಾಡು ಹಾರಿಹೋಗುವಂತೆ ಜನ ಕೂಗುತ್ತಾರೆ. ಹೆಚ್ಚು ಸಲ ಆಗುವುದು ಬೇರೆ. ಎದುರಾಳಿಯ ಯಾವನೋ ಒಬ್ಬ ತನ್ನ ಅಂಗಳದಿಂದ ಪಕ್ಕನ್ನು ಸುಮ್ಮನೆ ಆಚೆ ತಳ್ಳುತ್ತಾನೆ. ಅದು ಇಡೀ ಐಸಿನ ಉದ್ದಕ್ಕೆ, ಯಾವ ಅವಸರವೂ ಇಲ್ಲದೆ, ಸ್ವಲ್ಪ ಎಡಕ್ಕೆ ವಾಲಿ, ಕಂಬಕ್ಕೆ ಬಡಿದು ಹೊರಗೆ ಹೋದೀತು ಎಂದು ಆಸೆ ಹುಟ್ಟಿಸಿ, ಮತ್ತೆ ಸರಿಯಾಗಿ, ಬಲೆಯೊಳಗೆ ಹೋಗಿ ಮಲಗುತ್ತದೆ. ಬಿರುಗಾಳಿಯಂಥ ಆಟದಲ್ಲಿ ಹೊಸಬನ ಕಣ್ಣಿಗೂ ಸ್ಪಷ್ಟವಾಗಿ ಕಾಣುವ ಗೋಲು ಅದೊಂದೇ. 2–3 ಇದ್ದದ್ದು 2–4 ಆಗುತ್ತದೆ. ಮರುದಿನ ಪತ್ರಿಕೆ ನೋಡಿದವರು “ಓಹೋ, ಸುಲಭವಾಗಿ ಸೋತಿರಿ” ಎನ್ನುತ್ತಾರೆ. ಸೋಲು ಅಷ್ಟು ಸುಲಭದ್ದಾಗಿರಲಿಲ್ಲ ಎಂದು ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಯಾರಿಗೆ ವಿವರಿಸುವುದು?

ಮೊದಲ ಎಂಟು ತಂಡಗಳಿಗೆ ಪ್ಲೇಆಫ್. ಒಂಬತ್ತು, ಹತ್ತನೆಯವರಿಗೆ ಮನೆ. ಎಂಟರೊಳಗೆ ಬರುವ ಆಸೆ ಕೈಬಿಟ್ಟ ಮೇಲೂ ಉಳಿದ ಪಂದ್ಯಗಳನ್ನು ಆಡಿ ಮುಗಿಸಲೇಬೇಕಲ್ಲ. ಚಿಕ್ಕಂದಿನಲ್ಲಿ ಅಣ್ಣಂದಿರ ಆಟಕ್ಕೆ ಅತ್ತು ಕರೆದು ಸೇರಿಕೊಂಡಾಗ ನಮ್ಮನ್ನು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಬಿಟ್ಟುಕೊಳ್ಳುತ್ತಿದ್ದರು. ಕೊನೆಯ ವಾರಗಳ ಫ್ಲೈಯರ್ಸ್ ಸ್ಥಿತಿ ಅದೇ. ವಿಚಿತ್ರವೆಂದರೆ ಆ ಪಂದ್ಯಗಳೇ ನನಗೆ ಹೆಚ್ಚು ಹಿಡಿಸಿದವು. ಅಂಕದ ಚಿಂತೆ ಹೋದ ಮೇಲೆ ಜನಕ್ಕೆ ಆಟ ಕಾಣತೊಡಗುತ್ತದೆ. ಒಂದು ಒಳ್ಳೆಯ ಪಾಸಿಗೆ ಚಪ್ಪಾಳೆ. ತಪ್ಪಿಗೆ ಶಿಕ್ಷೆಯಾಗಿ ಇಬ್ಬರು ಪೆನಾಲ್ಟಿ ಪೆಟ್ಟಿಗೆಯಲ್ಲಿ ಕುಳಿತಿರುವಾಗ ಗೋಲ್‌ಕೀಪರನ ಮುಂದೆ ಉಳಿದ ಮೂವರೇ ದಾಳಿಯನ್ನು ತಡೆದುಕೊಂಡರೆ ಎದ್ದುನಿಂತು ಚಪ್ಪಾಳೆ. ಬಿಡುವಿನಲ್ಲಿ ಜಾಂಬೋನಿ ಬಂಡಿ ಐಸಿಗೆ ನೀರು ಬಳಿದು ನುಣುಪು ಮಾಡುತ್ತಾ ಸುತ್ತಿದರೆ ಅದರ ಚಾಲಕನಿಗೂ ಚಪ್ಪಾಳೆ. ಅವನ ಕೆಲಸದಲ್ಲಿ ಯಾರೂ ಕೊರತೆ ಹುಡುಕಲಾರರು.

ಪ್ಲೇಆಫ್‌ನ ಕೊನೆಯ ವಾರಾಂತ್ಯ ನಾಟಿಂಗ್‌ಹ್ಯಾಮಿನಲ್ಲಿ ನಡೆಯುತ್ತದೆ. ನಮಗೆ ಆ ಊರು ಎಂದರೆ ಟ್ರೆಂಟ್ ಬ್ರಿಡ್ಜ್, 2007ರಲ್ಲಿ ದ್ರಾವಿಡ್ ನಾಯಕತ್ವದಲ್ಲಿ ಗೆದ್ದ ಟೆಸ್ಟ್. ಹಾಕಿಯವರಿಗೆ ಅದು ವರ್ಷಕ್ಕೊಂದು ಜಾತ್ರೆ. ತಮ್ಮ ತಂಡ ಬಂದಿರಲಿ, ಬಿಡಲಿ, ಎಲ್ಲ ಊರಿನವರೂ ತಮ್ಮ ತಮ್ಮ ಜೆರ್ಸಿ ತೊಟ್ಟು ಅಲ್ಲಿ ಸೇರುತ್ತಾರೆ. ಸೋತು ಮನೆ ಸೇರಿದ ತಂಡದ ಅಂಗಿ ತೊಟ್ಟು, ಬೇರೆಯವರ ಫೈನಲ್ ನೋಡಲು ಅಷ್ಟು ದೂರ ಹೋಗುವವರನ್ನು ಏನೆನ್ನಬೇಕು? ಆ ಸಲ ಕಪ್ ಗೆದ್ದದ್ದು ನಾಟಿಂಗ್‌ಹ್ಯಾಮ್ ಪ್ಯಾಂಥರ್ಸ್. “ಹೋಗಲಿ, ಶೆಫೀಲ್ಡಿನವರು ಗೆಲ್ಲಲಿಲ್ಲವಲ್ಲ” ಎಂದು ರಿಂಕಿನ ಹುಡುಗನೊಬ್ಬ ಸಮಾಧಾನಪಟ್ಟುಕೊಂಡ. ಶೆಫೀಲ್ಡಿಗೂ ಅವನಿಗೂ ಏನು ವೈರವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಇದರಲ್ಲಿ ಆಟಗಾರರನ್ನು ದೂರಿ ಫಲವಿಲ್ಲ. ಅವರಲ್ಲಿ ಬಹುಪಾಲು ಜನ ಕೆನಡಾದಿಂದ, ಅಮೆರಿಕದಿಂದ ಒಂದು ಋತುವಿನ ಕರಾರಿಗೆ ಬಂದವರು. ಏಪ್ರಿಲ್ಲಿನಲ್ಲಿ ಗಂಟುಮೂಟೆ ಕಟ್ಟುತ್ತಾರೆ, ಮುಂದಿನ ವರ್ಷ ಎಲ್ಲಿಯೋ. ಟಾಡ್ ಡುಟ್ಯೂಮ್ ಅವರಂತೆ ಕೆನಡಾದಿಂದ ಆಡಲು ಬಂದು, ಇಲ್ಲಿಯೇ ನಿಂತು, ವರ್ಷಗಟ್ಟಲೆ ಕೋಚ್ ಆಗಿ ಊರಿನವರೇ ಆಗಿಬಿಟ್ಟವರು ಅಪರೂಪ. ತಂಡ ಎಂದು ನಾವು ಕರೆಯುವುದು ವರ್ಷವರ್ಷವೂ ಹೊಸ ಮುಖಗಳನ್ನು ತೂರಿಸಿಕೊಳ್ಳುವ ಒಂದು ಅಂಗಿಯನ್ನು. ಆಟಗಾರ ಸೋಲನ್ನು ವಿಮಾನಕ್ಕೆ ಹತ್ತಿಸಿಕೊಂಡು ಹೋಗುವುದಿಲ್ಲ, ತೂಕ ಹೆಚ್ಚಾಗುತ್ತದೆ. ಬಿಟ್ಟುಹೋಗುತ್ತಾನೆ. ಅದನ್ನು ಒಳಗೆ ತಂದಿಟ್ಟುಕೊಂಡು, ಧೂಳು ಒರೆಸಿ, ಮೊಮ್ಮಕ್ಕಳಿಗೆ ತೋರಿಸುವವರು ಇಲ್ಲಿನವರು.

ಈ ಕಲೆಯಲ್ಲಿ ಅವರು ನುರಿತವರು. ಊರಿನ ಫುಟ್‌ಬಾಲ್ ತಂಡ ರೇತ್ ರೋವರ್ಸ್ 1995ರ ಅಕ್ಟೋಬರ್ 31ರಂದು ಮ್ಯೂನಿಕ್ಕಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಬಯರ್ನ್ ಮ್ಯೂನಿಕ್ ಎದುರು ಆಡಿತು. ವಿರಾಮದ ಹೊತ್ತಿಗೆ ರೋವರ್ಸ್ ಒಂದು ಗೋಲು ಮುಂದಿತ್ತು. ಕೊನೆಗೆ ಗೆದ್ದದ್ದು ಬಯರ್ನ್, 2–1. ಆದರೆ ಊರಿನವರು ಇಂದಿಗೂ ಜೋಪಾನ ಮಾಡಿರುವ ಫೋಟೊ ವಿರಾಮದ ಹೊತ್ತಿನ ಸ್ಕೋರ್‌ಬೋರ್ಡಿನದು. ಬಯರ್ನ್ 0, ರೇತ್ 1. ಮುಂದಿನ ನಲವತ್ತೈದು ನಿಮಿಷ ಫ್ರೇಮಿನಲ್ಲಿ ಹಿಡಿಸಲಿಲ್ಲ, ಅಷ್ಟೆ.

ಏಪ್ರಿಲ್ಲಿನಲ್ಲಿ ಕಡಲ ದಂಡೆಯ ರಸ್ತೆಯುದ್ದಕ್ಕೂ ಲಿಂಕ್ಸ್ ಮಾರ್ಕೆಟ್ ಜಾತ್ರೆ ಬಂತು. 1304ರಿಂದ ಲೆಕ್ಕ ಹಿಡಿಯುವ ಜಾತ್ರೆ, ಈಗ ತಿರುಗುವ ತೊಟ್ಟಿಲು, ಸಕ್ಕರೆ ಪಾಕದ ತಿಂಡಿ, ಕಿವಿಗಡಚಿಕ್ಕುವ ಹಾಡು. ಅಲ್ಲಿ ಸಿಕ್ಕಿದ ಅಜ್ಜಿ ಆಗಲೇ ಮುಂದಿನ ವರ್ಷದ ಗೋಲ್‌ಕೀಪರ್ ಯಾರಾದಾನು ಎಂಬ ಚಿಂತೆಯಲ್ಲಿದ್ದರು. ಬೇಸಿಗೆಯುದ್ದಕ್ಕೂ ಹೊಸ ಆಟಗಾರರ ಹೆಸರು ಒಂದೊಂದಾಗಿ ಹೊರಬೀಳುತ್ತವೆ. ಹೆಸರೂ ಕೇಳದ ಯಾವುದೋ ಲೀಗಿನಲ್ಲಿ ಅವನು ಎಷ್ಟು ಗೋಲು ಹೊಡೆದಿದ್ದ ಎಂದು ಇಡೀ ಊರು ಜಾತಕ ನೋಡುತ್ತದೆ. ಎಲ್ಲರ ಗ್ರಹಗತಿಯೂ ಜೂನ್ ತಿಂಗಳಲ್ಲಿ ಉಚ್ಚದಲ್ಲಿಯೇ ಇರುತ್ತದೆ.

ಸೀಸನ್ ಟಿಕೆಟ್ಟಿನ ಮಾತು ಮನೆಯಲ್ಲಿ ಎತ್ತಿದಾಗ ಹೆಂಡತಿ ಪಾತ್ರೆ ಒರೆಸುತ್ತಿದ್ದವಳು ನಿಲ್ಲಿಸಲೂ ಇಲ್ಲ.

“ಹದಿನೆಂಟು ವರ್ಷದ ಮೇಲೆ ಈ ಜೂನ್‌ನಲ್ಲಿ ಆರ್‌ಸಿಬಿ ಗೆದ್ದಿತು. ಕಾಯಿಲೆ ವಾಸಿಯಾಯಿತು ಎಂದುಕೊಂಡಿದ್ದೆ. ನೀವು ಇನ್ನೊಂದು ಹತ್ತಿಸಿಕೊಂಡು ಬಂದಿದ್ದೀರಿ.”

“ಹೊಸ ಗೋಲ್‌ಕೀಪರ್ ಚೆನ್ನಾಗಿದ್ದಾನಂತೆ” ಎಂದೆ.

“ಹೋದ ವರ್ಷವೂ ಹಾಗೇ ಅಂದಿರಿ.”

“ಹೋದ ವರ್ಷದವನೂ ಚೆನ್ನಾಗಿಯೇ ಇದ್ದ. ಗೀಟಿನ ಲೆಕ್ಕ ನೀನು ನೋಡಿಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾಗಿಲ ಗಾಳಿ ಬೀಸದ ಕಡೆ ಸೀಟು ಇದ್ದರೆ ನನಗೂ ಒಂದು ತೆಗೆಯಿರಿ. ಶನಿವಾರ ರಾತ್ರಿ ಒಬ್ಬಳೇ ಕೂತು ಮಾಡುವುದಾದರೂ ಏನು?” ಎಂದಳು.