‘ನಂಬಿದರೆ ಸಾಕು’ ಎನ್ನುವ ಫಾರ್ವರ್ಡ್: ಸತ್ಯಾಂಶ ಏನು?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗುವ ಮೆಸೇಜ್ ಒಂದಿದೆ. ಕ್ರೈಸ್ತರಿಗೆ ನಂಬಿಕೆ ಒಂದಿದ್ದರೆ ಸಾಕಂತೆ, ನಡತೆ ಹೇಗಿದ್ದರೂ ನಡೆಯುತ್ತಂತೆ. ಇದು ತಪ್ಪು. ಆದರೆ ಪೂರ್ತಿ ಕಟ್ಟುಕಥೆಯೂ ಅಲ್ಲ. ಅರ್ಧ ನಿಜ ಇರುವುದರಿಂದಲೇ ಜನ ನಂಬುತ್ತಾರೆ, ಅಲ್ವಾ?

ಇದಕ್ಕೆ ಆಧಾರವಾಗಿ ತೋರಿಸುವುದು ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ (ಅಂದರೆ ಪತ್ರದ) 2ನೇ ಅಧ್ಯಾಯ, 8 ಮತ್ತು 9ನೇ ವಚನ. ರಕ್ಷಣೆ (ಪಾಪದಿಂದ ಬಿಡುಗಡೆ) ದೇವರ ವರ, ಕೆಲಸ ಮಾಡಿ ಗಳಿಸಿದ್ದಲ್ಲ ಎಂದು ಅಲ್ಲಿದೆ. ಸರಿಯೇ. ಆದರೆ 10ನೇ ವಚನವನ್ನೂ ಓದಿ. ನಮ್ಮನ್ನು ಸೃಷ್ಟಿಸಿದ್ದೇ ಒಳ್ಳೆಯ ಕೆಲಸಗಳಿಗಾಗಿ ಎನ್ನುತ್ತದೆ ಅದು. ಫಾರ್ವರ್ಡ್‌ನಲ್ಲಿ ಕತ್ತರಿ ಬಿದ್ದಿರುವುದು ಅಲ್ಲೇ.

ಬೈಬಲಿನದೇ ಇನ್ನೊಂದು ಪತ್ರ, ಯಾಕೋಬನ ಪತ್ರಿಕೆ, ಇನ್ನೂ ನೇರ. ಬಟ್ಟೆ, ಊಟ ಇಲ್ಲದವರಿಗೆ ಏನೂ ಕೊಡದೆ ‘ಬೆಚ್ಚಗಿರಿ, ಹೊಟ್ಟೆ ತುಂಬ ಉಣ್ಣಿ’ ಎಂದು ಕಳಿಸಿದರೆ ಏನು ಬಂತು ಎಂದು ಕೇಳುತ್ತದೆ. ಆಗುಂಬೆ ಮಳೆಯಲ್ಲಿ ನೆನೆದು ಬಂದವರಿಗೆ ಕಂಬಳಿ ಕೊಡದೆ ಬರೀ ಮಾತಾಡಿದ ಹಾಗೆ. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂತಲೇ ಅದರ 2ನೇ ಅಧ್ಯಾಯ ಹೇಳುತ್ತದೆ.

ನಂಬಿಕೆಯೋ ಕ್ರಿಯೆಯೋ ಎಂದು ಕ್ರೈಸ್ತ ಪಂಗಡಗಳ ನಡುವೆ ಜಗಳ ಇತ್ತು, ಜಾಸ್ತಿಯೇ ಇತ್ತು. 16ನೇ ಶತಮಾನದಲ್ಲಿ ಯುರೋಪಿನ ಚರ್ಚ್ ಒಡೆದದ್ದಕ್ಕೆ ಇದೂ ದೊಡ್ಡ ಕಾರಣ. 1999ರಲ್ಲಿ ಕಥೋಲಿಕರು ಮತ್ತು ಲೂಥರನ್ನರು (ಮಾರ್ಟಿನ್ ಲೂಥರ್ ಹಾದಿಯ ಪ್ರೊಟೆಸ್ಟೆಂಟರು) ಜರ್ಮನಿಯಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು. ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ, ನಮ್ಮ ಯೋಗ್ಯತೆ ನೋಡಿ ಅಲ್ಲ; ಒಳ್ಳೆಯ ಕೆಲಸ ಅದರ ಫಲ ಎಂದು ಒಪ್ಪಿದರು. ಎಲ್ಲ ಭೇದ ಮುಗಿಯಲಿಲ್ಲ, ಬಿಡಿ. ‘ಹೇಗಾದರೂ ಬದುಕಿ’ ಎಂದು ಮಾತ್ರ ಇಬ್ಬರೂ ಹೇಳಲಿಲ್ಲ.

ಇಂಥ ಮೆಸೇಜ್ ಬಂದರೆ ವಚನದ ಸಂಖ್ಯೆ ಇದೆಯಾ ನೋಡಿ. ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಇದ್ದರೆ ಹಿಂದಿನ, ಮುಂದಿನ ನಾಲ್ಕು ಸಾಲು ಓದಿ. ಕನ್ನಡ ಬೈಬಲ್ ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತದೆ. ಪರಿಚಯದ ಕ್ರೈಸ್ತರಿದ್ದರೆ ಅವರನ್ನೇ ಕೇಳಬಹುದು.